ಗರಿಯಿಂದ ಹೂವಿನವರೆಗೆ: ಶ್ರೀತಾಳೆಯ ಗುರುತು



ಒಂದು ಮರದ ವಿಷಯ ಹೇಳಿ ಶುರುಮಾಡುತ್ತೇನೆ. ನಾನು ಸಸ್ಯಶಾಸ್ತ್ರದ ಪಾಠ ಮಾಡಲು ಕೆಲಸಕ್ಕೆ ಸೇರಿದ ಹೊಸತು. ಅಂಕೋಲಾ ಕಡೆಯ ಒಂದು ಹಳ್ಳಿಗೆ ಮದುವೆಗೆಂದು ಹೋಗಿದ್ದೆ. ಊಟ ಮುಗಿಸಿ ಜಗುಲಿಯಲ್ಲಿ ಕೂತಿದ್ದಾಗ ಮನೆಯ ಹಿರಿಯರು ಗದ್ದೆಯಾಚೆ ಕೈ ತೋರಿಸಿ, "ಮಾಸ್ತರೇ, ಅದು ಯಾವ ಮರ?" ಎಂದು ಕೇಳಿದರು. ಗದ್ದೆ ದಾಟಿ ಹೋಗಲಿಲ್ಲ, ಜಗುಲಿಯಿಂದಲೇ ನೋಡಿದೆ. ಕಂಬದಂತೆ ನೆಟ್ಟಗಿನ ಒಂದೇ ಕಾಂಡ, ನೆತ್ತಿಯಲ್ಲಿ ಬೀಸಣಿಗೆಯಂಥ ಗರಿ. "ತಾಳೆ ಮರ" ಎಂದುಬಿಟ್ಟೆ.

ಎರಡು ವರ್ಷದ ಮೇಲೆ ಅದೇ ಮನೆಗೆ ಹೋದಾಗ ಗದ್ದೆಯಾಚೆ ಬರಿ ಆಕಾಶ. ಮರದ ನೆತ್ತಿಯಲ್ಲಿ ದೇವಸ್ಥಾನದ ಗೋಪುರದಂಥ ಹೂ ಎದ್ದಿತ್ತಂತೆ. ಹೂ ಏಳುತ್ತಿದ್ದ ಹಾಗೇ ಗರಿಗಳೆಲ್ಲ ಜೋಲುಬಿದ್ದವಂತೆ. "ನೀವು ತಾಳೆ ಎಂದಿದ್ದಿರಿ. ತಾಳೆ ಮರ ಎಲ್ಲಾದರೂ ಹೀಗೆ ಹೂ ಬಿಡುತ್ತದೆಯೇ? ಏನೋ ಕೇಡು ಹೊಕ್ಕಿದೆ ಎಂದು ಕಡಿಸಿದೆವು" ಎಂದರು ಹಿರಿಯರು. ಅವರ ಮಾತಿನಲ್ಲಿ ತರ್ಕದ ತಪ್ಪು ಒಂದಿಷ್ಟೂ ಇರಲಿಲ್ಲ. ತಪ್ಪಿದ್ದದ್ದು ನಾನು ಕೊಟ್ಟ ಹೆಸರಿನಲ್ಲಿ. ಅದು ಶ್ರೀತಾಳೆ. ಬಾಳಿನಲ್ಲಿ ಒಂದೇ ಸಲ ಹೂ ಬಿಟ್ಟು, ಕಾಯಿ ಮಾಗಿಸಿ, ಸಾಯುವ ಮರ. ಕಾಯಿ ಕಟ್ಟುವ ಮೊದಲೇ ಅದು ನೆಲಕ್ಕೆ ಬಿದ್ದಿತ್ತು.

ಅಂದಿನಿಂದ ಇಂದಿನವರೆಗೆ ನನ್ನನ್ನು ಕಾಡಿದ ಪ್ರಶ್ನೆ ಒಂದೇ. ಅಪರೂಪದ ಮರವೊಂದನ್ನು ಕಣ್ಣಿನಿಂದ ನೋಡಿ ಗುರುತಿಸುವುದು ಹೇಗೆ? ಎಷ್ಟು ನೋಡಿದರೆ ಸಾಕು, ಯಾವಾಗ ಸಾಲದು? ಇವತ್ತಿನ ಮಾತೆಲ್ಲ ಅದರ ಸುತ್ತ.

ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳೋಣ. ಈಗ "ತಾಳೆ" ಎಂದರೆ ಬಹಳ ಜನರಿಗೆ ನೆನಪಾಗುವುದು ಅಡುಗೆ ಎಣ್ಣೆ. ಆ ಎಣ್ಣೆತಾಳೆ ಆಫ್ರಿಕಾ ಮೂಲದ್ದು. ಅದರ ಗರಿ ತೆಂಗಿನ ಗರಿಯ ಹಾಗೆ ಉದ್ದಕ್ಕೆ ಸೀಳಿದ್ದು. ನಮ್ಮ ಹಳೆಯ ತಾಳೆ ಬೇರೆ. ಬೇಸಿಗೆಯಲ್ಲಿ ನಾವು ತಾಟಿನುಂಗು ತಿನ್ನುತ್ತೇವಲ್ಲ, ಅದರ ಮರ, ಗರಿ ಬೀಸಣಿಗೆಯಂತೆ. ಮೂರನೆಯದು ಶ್ರೀತಾಳೆ ಅಥವಾ ಶ್ರೀತಾಳ, ತುಳುವಿನಲ್ಲಿ ಪನೋಲಿ. ಇದರ ಗರಿಯೂ ಬೀಸಣಿಗೆಯೇ. ಇವುಗಳ ಜೊತೆ ಬಗನಿಯೂ ಇದೆ. ಅದರ ಗರಿಯ ಸೀಳುಗಳು ಮೀನಿನ ಬಾಲದಂತಿರುವುದರಿಂದ ಅದನ್ನು ಯಾರೂ ತಪ್ಪು ತಿಳಿಯುವುದಿಲ್ಲ. ಲೋಕದಲ್ಲಿ ಈ ಬಳಗದ 2,500ಕ್ಕೂ ಹೆಚ್ಚು ಜಾತಿಗಳಿವೆ. ತೆಂಗು, ಅಡಿಕೆ, ಈಚಲು, ಬೆತ್ತ ಎಲ್ಲವೂ ಇದರೊಳಗೆ ಬರುತ್ತವೆ. ನನ್ನ ಅಂದಿನ ತಪ್ಪು ಆದದ್ದು ಬೀಸಣಿಗೆಯ ಗರಿಯಿರುವ ಎರಡು ಮರಗಳ ನಡುವೆ.

ಈಗ ಗದ್ದೆ ದಾಟಿ ಮರದ ಬುಡಕ್ಕೆ ಹೋಗೋಣ.

ಶ್ರೀತಾಳೆಯ ಬುಡದಲ್ಲಿ ನಿಂತರೆ ಮೊದಲು ಅರಿವಿಗೆ ಬರುವುದು ಅಳತೆ. ಬೆಳೆದ ತಾಳೆಯ ಗರಿ ಒಂದು, ಒಂದೂವರೆ ಮೀಟರ್ ಅಗಲ. ಶ್ರೀತಾಳೆಯ ಒಂದು ಗರಿ ಐದು ಮೀಟರ್ ಅಗಲದವರೆಗೂ ಹರಡುತ್ತದೆ. ಅದರ ದಂಟೇ ನಾಲ್ಕು ಮೀಟರ್ ಮುಟ್ಟಬಹುದು. ಒಂದು ಗರಿಯನ್ನು ನೆಲದ ಮೇಲೆ ಹಾಸಿದರೆ ಒಂದು ಸಂಸಾರ ಸುತ್ತ ಕೂತು ಊಟ ಮಾಡಬಹುದು. ಕಾಂಡ ಒಂದು ಮೀಟರಿಗಿಂತ ದಪ್ಪವಾಗುತ್ತದೆ, 25 ಮೀಟರ್‌ವರೆಗೆ ಎತ್ತರವಾಗುತ್ತದೆ. ಆದರೆ ಅಳತೆಯೊಂದನ್ನೇ ನಂಬಬೇಡಿ. ಎಳೆಯ ಶ್ರೀತಾಳೆ ಎಷ್ಟೋ ವರ್ಷ ಕಾಂಡವೇ ಇಲ್ಲದೆ, ನೆಲದಿಂದ ನೇರವಾಗಿ ಗರಿ ಬಿಟ್ಟುಕೊಂಡು ನಿಂತಿರುತ್ತದೆ. ಆಗ ಅದು ಮರ ಎಂದು ಅನಿಸುವುದೇ ಇಲ್ಲ. ನೆರಳಿನಲ್ಲಿ ಬೆಳೆದದ್ದು, ಬಡ ನೆಲದಲ್ಲಿ ಬೆಳೆದದ್ದು ಚಿಕ್ಕದಾಗಿಯೂ ಇರುತ್ತದೆ.

ಆದ್ದರಿಂದ ಬಿದ್ದ ಒಂದು ಗರಿಯನ್ನು ಎಳೆದುಕೊಂಡು ಅದರ ದಂಟನ್ನು ಕೈಗೆ ತೆಗೆದುಕೊಳ್ಳಿ. ನಾನು ವಿದ್ಯಾರ್ಥಿಗಳಿಗೆ ಯಾವಾಗಲೂ ಕಣ್ಣು ಮುಚ್ಚಿ ಬೆರಳಾಡಿಸಲು ಹೇಳುತ್ತಿದ್ದೆ. ದಂಟಿನ ಮೇಲ್ಮೈ ತೋಡಿನ ಹಾಗೆ ಹಳ್ಳಬಿದ್ದಿರುತ್ತದೆ, ಮಳೆನೀರು ಹರಿದುಬರುವ ದೋಣಿಯಂತೆ. ಎರಡೂ ಅಂಚಿನಲ್ಲಿ ಕಪ್ಪನೆಯ ಗಿಡ್ಡ ಹಲ್ಲುಗಳ ಸಾಲು. ದಂಟು ಕಾಂಡಕ್ಕೆ ಸೇರುವ ಕಡೆ, ಬುಡದ ಎರಡೂ ಬದಿಗೆ, ಕಿವಿಯಂಥ ಎರಡು ಮಡಿಕೆಗಳು. ಆ ಕಿವಿಗಳನ್ನು ಮರೆಯಬೇಡಿ. ತಾಳೆಯ ದಂಟಿನ ಅಂಚಿನಲ್ಲೂ ಹಲ್ಲುಗಳಿವೆ, ಹಾಗಾಗಿ ಹಲ್ಲನ್ನು ಮಾತ್ರ ನೋಡಿದರೆ ಮತ್ತೆ ಮೋಸಹೋಗುತ್ತೀರಿ.

ದಂಟು ಗರಿಯೊಳಗೆ ಹೊಕ್ಕ ಮೇಲೆ ಏನಾಗುತ್ತದೆ ಎಂಬುದನ್ನೂ ನೋಡಬೇಕು. ಶ್ರೀತಾಳೆಯಲ್ಲಿ ದಂಟು ಅಲ್ಲಿಗೇ ನಿಲ್ಲುವುದಿಲ್ಲ, ನಡುನರವಾಗಿ ಗರಿಯೊಳಗೆ ದೂರ ಸಾಗಿ ಬಿಲ್ಲಿನಂತೆ ಹಿಂದಕ್ಕೆ ಬಾಗುತ್ತದೆ. ಇದರಿಂದ ಗರಿ ಚಪ್ಪಟೆಯಾಗಿ ಹರಡದೆ ನಡುವೆ ಮಡಚಿದಂತೆ, ಎರಡೂ ಪಕ್ಕ ಇಳಿಬಿದ್ದಂತೆ ಕಾಣುತ್ತದೆ. ಸೀಳುಗಳು ಅಂಚಿನಿಂದ ಸುಮಾರು ಅರ್ಧದವರೆಗೆ ಬಂದು ನಿಲ್ಲುತ್ತವೆ, ಒಂದೊಂದು ಸೀಳಿನ ತುದಿಯೂ ಮತ್ತೆ ಎರಡಾಗುತ್ತದೆ. ತಾಳೆಯ ಗರಿ ಬೂದುಬಣ್ಣದ ಛಾಯೆಯುಳ್ಳದ್ದು, ಗಡುಸು, ಗಾಳಿಗೆ ಕಟಕಟ ಎನ್ನುವಂಥದ್ದು. ಶ್ರೀತಾಳೆಯದು ಹಸಿರು, ಅದರ ಮೈ ಮೆದು. ಕಾಂಡದ ಮೇಲೆ ಹಳೆಯ ಗರಿಗಳು ಬಿಟ್ಟುಹೋದ ಗುರುತುಗಳು ಬಳೆಗಳಂತೆ ಸುತ್ತುವರಿದಿರುತ್ತವೆ. ಇದೇ ಕುಲದ ಇನ್ನೊಂದು ಮರ ಅಸ್ಸಾಂ, ಬಂಗಾಳದಿಂದ ಉತ್ತರ ಆಸ್ಟ್ರೇಲಿಯಾದವರೆಗೆ ಹಬ್ಬಿದೆ. ಅದರ ಕಾಂಡದಲ್ಲಿ ಈ ಗುರುತು ಸುರುಳಿಯಾಗಿ ಏರುತ್ತದೆ. ಹೀಗೆ ಬಳೆ, ಸುರುಳಿ, ಕಿವಿ, ಹಲ್ಲು, ನಡುನರದ ಬಾಗು ಎಂದು ಒಂದೊಂದನ್ನೇ ಕೂಡಿಸುತ್ತ ಹೋಗಬೇಕು. ಯಾವ ಒಂದು ಲಕ್ಷಣವೂ ಒಂಟಿಯಾಗಿ ತೀರ್ಪು ಕೊಡುವುದಿಲ್ಲ.

ಗರಿಯ ಮೈಯ ಮಾತು ಬಂತು. ಈ ವ್ಯತ್ಯಾಸವನ್ನು ನಮ್ಮ ಹಿರಿಯರು ಸಸ್ಯಶಾಸ್ತ್ರ ಹುಟ್ಟುವ ಎಷ್ಟೋ ಮೊದಲೇ ಬೆರಳ ತುದಿಯಲ್ಲಿ ತಿಳಿದಿದ್ದರು. ಓಲೆ ಬರೆಯುವವರು ಶ್ರೀತಾಳ, ಖರತಾಳ ಎಂದು ಎರಡು ಬಗೆ ಮಾಡುತ್ತಿದ್ದರು. ಖರ ಎಂದರೆ ಒರಟು. ಅದು ತಾಟಿನುಂಗಿನ ಮರದ ಓಲೆ. ಬರಹಕ್ಕೆ ಬೇಕಾದದ್ದು ಇನ್ನೂ ಬಿಚ್ಚದ ಸುಳಿಗರಿ. ಅದನ್ನು ಕಡಿದು, ಕಡ್ಡಿ ತೆಗೆದು, ನೀರಿನಲ್ಲಿ ಬೇಯಿಸಿ, ಒಣಗಿಸಿ, ಉಜ್ಜಿ ನುಣುಪು ಮಾಡಿ, ಕಂಟ ಎಂಬ ಲೋಹದ ಲೇಖನಿಯಿಂದ ಅಕ್ಷರ ಕೊರೆದು, ಆಮೇಲೆ ಎಣ್ಣೆಯಲ್ಲಿ ಕಲಸಿದ ಮಸಿ ಸವರಿ ಒರೆಸುತ್ತಿದ್ದರು. ಕೊರೆದ ಗೀರಿನಲ್ಲಿ ಮಸಿ ಉಳಿಯುತ್ತಿತ್ತು, ಉಳಿದದ್ದು ಬಟ್ಟೆಗೆ ಬರುತ್ತಿತ್ತು. ಎರಡೂ ಬಗೆಯ ಓಲೆಯನ್ನು ಅಕ್ಕಪಕ್ಕ ಹಿಡಿದರೆ ವ್ಯತ್ಯಾಸ ತಾನಾಗಿ ಕಾಣುತ್ತದೆ. ತಾಳೆಯ ಓಲೆ ಸಾಮಾನ್ಯವಾಗಿ ನಾಲ್ಕು ಸೆಂಟಿಮೀಟರ್ ಆಸುಪಾಸು ಅಗಲ, ದಪ್ಪ, ಹಳತಾದಂತೆ ಮುರಿಯುವ ಸ್ವಭಾವದ್ದು. ಶ್ರೀತಾಳದ್ದು ಅದರ ಎರಡರಷ್ಟು ಅಗಲಕ್ಕೂ ಸಿಗುತ್ತದೆ, ತೆಳು, ಬಾಗಿಸಿದರೆ ಬಾಗುತ್ತದೆ, ಬೆಳಕಿಗೆ ಹಿಡಿದರೆ ಅಡ್ಡನರಗಳ ನವಿರಾದ ಜಾಲ ಕಾಣುತ್ತದೆ.

ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಶತಮಾನಗಳ ಕಾಲ ಉಳಿದುಬಂದ ಜೈನರ ಧವಲಾ ಗ್ರಂಥಗಳು ಹಳಗನ್ನಡ ಲಿಪಿಯಲ್ಲಿರುವುದು ಇಂಥ ಶ್ರೀತಾಳದ ಓಲೆಗಳ ಮೇಲೆಯೇ. ಭಾರತದ ಹಳೆಯ ಹಸ್ತಪ್ರತಿಗಳ ಓಲೆ ಯಾವ ಮರದ್ದು ಎಂಬ ಪ್ರಶ್ನೆಯನ್ನು ಹೋರ್ನ್ಲೆ ಎಂಬ ವಿದ್ವಾಂಸ 1900ರಲ್ಲಿ ಬಂಗಾಳದ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಎತ್ತಿಕೊಂಡ. ಓಲೆಯ ಅಗಲ, ನರಗಳ ರೀತಿ ನೋಡಿ ಎರಡು ಮರಗಳನ್ನು ಬೇರ್ಪಡಿಸಿದ. ಹಳೆಯ ಪ್ರತಿಗಳು ಹೆಚ್ಚಾಗಿ ಶ್ರೀತಾಳದ ಕುಲದ ಓಲೆಗಳೆಂದೂ, ತಾಳೆಯ ಬಳಕೆ ಆಮೇಲಿನದೆಂದೂ ಅವನ ನಿರ್ಣಯ. ಮರ ಸತ್ತು ನೂರಾರು ವರ್ಷಗಳಾದ ಮೇಲೆ ಅದರ ಒಂದು ತುಂಡು ಎಲೆಯಿಂದ ಮರದ ಜಾತಿ ಹೇಳುವುದು ಇದು. ನನಗೆ ಇದಕ್ಕಿಂತ ಸೊಗಸಾದ ಗುರುತಿಸುವಿಕೆ ಇನ್ನೊಂದು ಗೊತ್ತಿಲ್ಲ. ಹಸ್ತಪ್ರತಿಗಳ ಕ್ಯಾಟಲಾಗ್ ಮಾಡುವ ಮಿತ್ರರು ಇಲ್ಲಿ ಕೆಲವರಿದ್ದೀರಿ. "ತಾಳೆಗರಿ" ಎಂದಷ್ಟೇ ಬರೆದು ಮುಂದೆ ಹೋಗಬೇಡಿ, ಯಾವ ತಾಳೆ ಎಂಬುದನ್ನೂ ಬರೆಯಿರಿ ಎಂದು ನಿಮ್ಮನ್ನು ಕೇಳಿಕೊಳ್ಳುತ್ತೇನೆ.

ಇನ್ನು, ಶಾಸ್ತ್ರದವರು ಈ ಮರಕ್ಕೆ ಹೆಸರಿಟ್ಟದ್ದು ಹೇಗೆ ಎಂಬ ಕಥೆ. ಕೊಚ್ಚಿಯಲ್ಲಿ ಡಚ್ಚರ ಅಧಿಕಾರಿಯಾಗಿದ್ದ ವಾನ್ ರೀಡೆ ಮಲಬಾರಿನ ಗಿಡಮರಗಳ ಬಗ್ಗೆ 'ಹೋರ್ಟುಸ್ ಮಲಬಾರಿಕುಸ್' ಎಂಬ ಹನ್ನೆರಡು ಸಂಪುಟಗಳ ಗ್ರಂಥವನ್ನು ಮಾಡಿಸಿದ. 1678ರಿಂದ 1693ರವರೆಗೆ ಅದು ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾಯಿತು. ಇಟ್ಟಿ ಅಚ್ಯುತನ್ ಎಂಬ ವೈದ್ಯರೂ, ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಮೂವರು ಕೊಂಕಣಿ ಪಂಡಿತರೂ ಅದಕ್ಕೆ ನೆರವಾದವರು. ಮೂರನೆಯ ಸಂಪುಟ ತೆರೆದರೆ ಮೊದಲು ಬರುವುದೇ ಈ ಮರ, "ಕೊಡ್ಡ ಪನ್ನ" ಎಂಬ ಹೆಸರಿನಲ್ಲಿ. ಮಲಯಾಳದ ಕುಡಪ್ಪನ, ಅಂದರೆ ಕೊಡೆತಾಳೆ. ಒಂದೇ ಮರಕ್ಕೆ ಹನ್ನೆರಡು ಚಿತ್ರಫಲಕಗಳು! ಆ ಚಿತ್ರಕಾರರಿಗೆ ತಾವು ಏನನ್ನು ನೋಡುತ್ತಿದ್ದೇವೆ ಎಂಬ ಅರಿವಿತ್ತು. ಒಂದು ಹಾಳೆಯಲ್ಲಿ ಈ ಮರ ಹಿಡಿಸುವುದಿಲ್ಲ. ಮರದ ನಿಲುವಿಗೆ ಒಂದು, ಗರಿಗೆ ಒಂದು, ಹೂವಿಗೆ, ಕಾಯಿಗೆ ಎಂದು ಬೇರೆಬೇರೆ ಹಾಳೆ ಬೇಕು.

ಸ್ವೀಡನ್ನಿನ ಲಿನೇಯಸ್ 1753ರಲ್ಲಿ ಇದಕ್ಕೆ 'ಕೋರಿಫಾ ಅಂಬ್ರಾಕ್ಯುಲಿಫೆರಾ' ಎಂದು ಹೆಸರಿಟ್ಟ. ಕೋರಿಫಾ ಎಂದರೆ ಗ್ರೀಕಿನಲ್ಲಿ ಶಿಖರ, ನೆತ್ತಿ. ಅಂಬ್ರಾಕ್ಯುಲಿಫೆರಾ ಎಂದರೆ ಕೊಡೆ ಹೊತ್ತದ್ದು. ಮಲಯಾಳಿಗಳು ಇಟ್ಟ ಹೆಸರಿನ ಅರ್ಥ ಲ್ಯಾಟಿನ್ನಿಗೆ ಹೋಯಿತು. ಲಿನೇಯಸ್ ಈ ಮರವನ್ನು ಕಂಡವನಲ್ಲ, ಭಾರತಕ್ಕೆ ಬಂದವನೂ ಅಲ್ಲ. ರೀಡೆಯ ಫಲಕಗಳನ್ನು ನೋಡಿ ಹೆಸರು ಕೊಟ್ಟ, ಆ ಹೆಸರು ಇವತ್ತಿಗೂ ನಿಂತಿದೆ. ಚಿತ್ರ ನೋಡಿ ಮರ ಗುರುತಿಸಬಹುದೇ ಎಂದು ಕೇಳುವವರಿಗೆ ನಾನು ಇದನ್ನೇ ಹೇಳುತ್ತೇನೆ. ಹನ್ನೆರಡು ಚಿತ್ರ ಇದ್ದರೆ ಬಹುದು.

ಈ ಬಳಗದ ಮರಗಳಲ್ಲಿ ಚಿತ್ರಕ್ಕೆ ಇಷ್ಟು ಬೆಲೆ ಬರಲು ಕಾರಣವಿದೆ. ಉಳಿದ ಗಿಡಗಳ ಒಂದು ರೆಂಬೆ ಕಿತ್ತು, ಒತ್ತಿ ಒಣಗಿಸಿ, ಮೊಳದುದ್ದದ ಕಾಗದಕ್ಕೆ ಅಂಟಿಸಿ ಹರ್ಬೇರಿಯಮ್ಮಿನಲ್ಲಿ ಇಟ್ಟರಾಯಿತು. ಐದು ಮೀಟರಿನ ಗರಿಯನ್ನು, ಆರು ಮೀಟರಿನ ಹೂಗೊಂಚಲನ್ನು ಯಾವ ಕಾಗದಕ್ಕೆ ಅಂಟಿಸುವುದು? ಸಂಗ್ರಹಕಾರರು ಗರಿಯ ತುದಿಯ ಒಂದು ಚೂರು ತಂದಿಡುತ್ತಾರೆ. ಅದರಲ್ಲಿ ದಂಟಿನ ಕಿವಿ ಇರುವುದಿಲ್ಲ, ನಡುನರದ ಬಾಗು ಇರುವುದಿಲ್ಲ. ನನ್ನ ವೃತ್ತಿಜೀವನದಲ್ಲಿ ಅಂಥ ಚೂರುಗಳ ಮೇಲೆ ತಪ್ಪು ಹೆಸರು ಬರೆದಿದ್ದನ್ನು ಎಷ್ಟೋ ಸಲ ಕಂಡಿದ್ದೇನೆ. ಬರೆದವರನ್ನು ದೂರುವಂತಿಲ್ಲ, ಚೂರಿನಲ್ಲಿ ಮರ ಇರಲಿಲ್ಲ.

ಈಗ ಬಂಗಾಳಕ್ಕೆ ಬರೋಣ. ಕಲ್ಕತ್ತೆಯ ಸಸ್ಯೋದ್ಯಾನವನ್ನು 1793ರಿಂದ ನೋಡಿಕೊಂಡ ವಿಲಿಯಂ ರಾಕ್ಸ್‌ಬರ್ಗ್ ಭಾರತೀಯ ಚಿತ್ರಕಾರರಿಂದ ಎರಡೂವರೆ ಸಾವಿರದಷ್ಟು ಗಿಡಗಳ ಚಿತ್ರ ಬರೆಸಿದ. ಆ ಚಿತ್ರಕಾರರಲ್ಲಿ ಬಹುಪಾಲು ಜನರ ಹೆಸರು ನಮಗೆ ಉಳಿದಿಲ್ಲ ಎನ್ನುವುದು ನನ್ನ ಮನಸ್ಸನ್ನು ನೋಯಿಸುವ ಸಂಗತಿ. ಬಂಗಾಳದಲ್ಲಿ ಜನ 'ತಾಲಿ' ಎಂದು ಕರೆಯುತ್ತಿದ್ದ ಮರವೊಂದಿತ್ತು. ಶ್ರೀತಾಳೆಯ ಹಾಗೆಯೇ ಬೀಸಣಿಗೆಯ ಗರಿ, ಶ್ರೀತಾಳೆಯ ಹಾಗೆಯೇ ನೆತ್ತಿಯಲ್ಲಿ ಒಂದೇ ಸಲ ಹೂ, ಆದರೆ ಶ್ರೀತಾಳೆ ಅಲ್ಲ. ರಾಕ್ಸ್‌ಬರ್ಗ್ ಅದನ್ನು ಬೇರೆ ಜಾತಿ ಎಂದು ಗುರುತಿಸಿದ. ಅವನು ತೀರಿಕೊಂಡು ಐದು ವರ್ಷದ ಮೇಲೆ, 1820ರಲ್ಲಿ, 'ಕೋರಿಫಾ ತಾಲಿಯೆರಾ' ಎಂಬ ಹೆಸರು ಅಚ್ಚಾಯಿತು.

ಆ ಮರದ ಮುಂದಿನ ಕಥೆ ಕೇಳಿ. ಕಾಡಿನ ನೆಲೆಯಲ್ಲಿ ಉಳಿದಿದ್ದ ಕೊನೆಯದೆಂದು ತಿಳಿದ ತಾಲಿ ಮರ ಪಶ್ಚಿಮ ಬಂಗಾಳದ ಬೀರಭೂಮ್ ಜಿಲ್ಲೆಯಲ್ಲಿ, ಶಾಂತಿನಿಕೇತನದ ಹತ್ತಿರ ಇತ್ತು. 1979ರಲ್ಲಿ ಅದಕ್ಕೆ ಹೂ ಬಂತು. ಊರಿನವರಿಗೆ ತಾಳೆ ಮರ ಗೊತ್ತು. ಪ್ರತಿವರ್ಷ ಸಣ್ಣ ಹೂ, ದೊಡ್ಡ ಕಾಯಿ ಬಿಡುವ ಮರ. ಇದು ತಾಳೆಯಂತೆ ಕಾಣುತ್ತದೆ, ಆದರೆ ನೆತ್ತಿಯಲ್ಲಿ ಕೊಂಬು ಮೂಡಿದಂತೆ ಏನೋ ಎದ್ದಿದೆ. ಭೂತದ ತಾಳೆ ಎಂದು ಹೆದರಿ, ಕಾಯಿ ಕಟ್ಟುವ ಮೊದಲೇ ಕಡಿದುಬಿಟ್ಟರು. ಇದನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿ ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ಅಂಕೋಲಾದ ಗದ್ದೆ, ಬೀರಭೂಮಿನ ಹಳ್ಳಿ. ಎರಡೂ ಕಡೆ ಅದೇ ಮಾತು, ಅದೇ ಕೊಡಲಿ.

ತಾಲಿ ಮರ ಪೂರ್ತಿ ಅಳಿಯಲಿಲ್ಲ. ಢಾಕಾ ವಿಶ್ವವಿದ್ಯಾಲಯದ ಆವರಣದಲ್ಲಿ ಒಂದು ಮರ ನಿಂತಿತ್ತು. 1950ರ ದಶಕದಲ್ಲಿ ಸಸ್ಯಶಾಸ್ತ್ರಜ್ಞ ಮೊಹಮ್ಮದ್ ಸಾಲಾರ್ ಖಾನ್ ಅವರ ಕಣ್ಣು ಅದರ ಮೇಲೆ ಬಿತ್ತು. ಸಾಮಾನ್ಯ ತಾಳೆಯಲ್ಲ ಎಂಬುದು ಅವರಿಗೆ ಹೊಳೆದಿತ್ತು. ಮುಂದೆ ಈ ಬಳಗದ ಮರಗಳನ್ನು ಚೆನ್ನಾಗಿ ಬಲ್ಲ ಭಾರತದ ಶ್ಯಾಮಲ್ ಕುಮಾರ್ ಬಸು ಅವರು ಅದನ್ನು ನೋಡಿ ತಾಲಿಯೆರಾ ಎಂದು ನಿರ್ಣಯಿಸಿದರು. ಹೂ ಇಲ್ಲದ ಮರವನ್ನು ಗರಿ, ದಂಟು, ಕಾಂಡ ನೋಡಿ ಗುರುತಿಸಿದ್ದು ಅದು. ಅದರಿಂದ ಆದ ಉಪಕಾರ ದೊಡ್ಡದು. 2008ರಲ್ಲಿ ಆ ಮರಕ್ಕೆ ಹೂ ಬಂದಾಗ ಅದನ್ನು ಭೂತ ಎನ್ನುವವರು ಯಾರೂ ಇರಲಿಲ್ಲ. ಜನ ನೋಡಲು ಬಂದರು, ಪತ್ರಿಕೆಗಳಲ್ಲಿ ಬಂತು, ಕಾಯಿ ಮಾಗುವವರೆಗೆ ಕಾದರು, ಬೀಜ ಆರಿಸಿಕೊಂಡರು, ಸಸಿ ಮಾಡಿದರು. ಆಮೇಲೆ ಮರ ತನ್ನ ಪಾಡಿಗೆ ಸತ್ತಿತು. ಶಾಂತಿನಿಕೇತನದ ಮರಕ್ಕೂ ಢಾಕಾದ ಮರಕ್ಕೂ ನಡುವೆ ಇದ್ದ ವ್ಯತ್ಯಾಸ ಒಂದೇ. ಒಂದರ ಹೆಸರನ್ನು ಹೂ ಬರುವ ಮೊದಲೇ ಸುತ್ತಲಿನವರಿಗೆ ಯಾರೋ ಹೇಳಿದ್ದರು.

ಹಾಗೆಂದು ಕಣ್ಣಿಗೆ ಮಿತಿ ಇಲ್ಲವೇ? ಇದೆ. ಅದನ್ನು ಕಲಿಸಿದ ಮರ ಮಡಗಾಸ್ಕರಿನದು. ಆ ದ್ವೀಪದ ವಾಯವ್ಯ ಮೂಲೆಯಲ್ಲಿ ಗೇರುತೋಟ ನೋಡಿಕೊಳ್ಳುತ್ತಿದ್ದ ಝೇವಿಯರ್ ಮೆಟ್ಸ್ ಎಂಬಾತ ಮನೆಯವರ ಜೊತೆ ತಿರುಗಾಡುತ್ತಿದ್ದಾಗ ಸುಣ್ಣಕಲ್ಲಿನ ಗುಡ್ಡದ ಬುಡದಲ್ಲಿ ಭಾರಿ ಮರವೊಂದನ್ನು ಕಂಡ. ನೆತ್ತಿಯಲ್ಲಿ ಗೋಪುರದಂಥ ಹೂ. ಅದರ ಫೋಟೋಗಳು ಲಂಡನ್ನಿನ ಕ್ಯೂ ಸಸ್ಯೋದ್ಯಾನದ ಜಾನ್ ಡ್ರಾನ್ಸ್‌ಫೀಲ್ಡ್ ಕೈಗೆ ಬಂದವು. ಈ ಬಳಗದ ಮರಗಳನ್ನು ಅವರಷ್ಟು ಬಲ್ಲವರು ವಿರಳ. ನೋಡಿದೊಡನೆ ಅವರಿಗೆ ನೆನಪಾದದ್ದು ನಮ್ಮ ಶ್ರೀತಾಳೆಯೇ. ಐದು ಮೀಟರ್ ಅಗಲದ ಬೀಸಣಿಗೆಯ ಗರಿ, ಹದಿನೆಂಟು ಮೀಟರ್ ಎತ್ತರ, ಒಂದೇ ಸಲ ಹೂ, ಆಮೇಲೆ ಸಾವು. ಆದರೆ ಶ್ರೀತಾಳೆಯ ಕುಲ ಮಡಗಾಸ್ಕರಿನಲ್ಲಿ ಇಲ್ಲ. ಹೂಗಳು ಕವಲಿನ ಮೇಲೆ ಕೂತ ರೀತಿ ನೋಡಿದಾಗ, ಆಮೇಲೆ ಡಿಎನ್ಎ ಪರೀಕ್ಷೆ ಮಾಡಿದಾಗ ತಿಳಿದದ್ದು ಬೇರೆ. ಇದು ಶ್ರೀತಾಳೆಯ ಹತ್ತಿರದ ನಂಟನಲ್ಲ. ಇದರ ಹತ್ತಿರದ ಸಂಬಂಧಿಗಳಲ್ಲಿ ಒಂದು ಅರೇಬಿಯಾ, ಅಫ್ಘಾನಿಸ್ತಾನದ ಒಣನೆಲದ ಕುಳ್ಳ ಮರ, ಇನ್ನೊಂದು ಥಾಯ್ಲೆಂಡಿನದು, ಮತ್ತೊಂದು ದಕ್ಷಿಣ ಚೀನಾ ಕಡೆಯದು. 2008ರಲ್ಲಿ ಇದಕ್ಕೆ 'ತಹಿನಾ ಸ್ಪೆಕ್ಟಾಬಿಲಿಸ್' ಎಂದು ಹೆಸರಾಯಿತು. ಹೊಸ ಜಾತಿಯಷ್ಟೇ ಅಲ್ಲ, ಹೊಸ ಕುಲ. ಮೆಟ್ಸ್‌ನ ಮಗಳ ಹೆಸರಿನ ಒಂದು ಭಾಗ ತಹಿನಾ. ಆಗ ಸಿಕ್ಕ ಮರಗಳು ನೂರಕ್ಕೂ ಕಡಿಮೆ. ಮೇಲಿನಿಂದ ತೆಗೆದ ಚಿತ್ರಗಳಲ್ಲೂ ಕಾಣುವಷ್ಟು ದೊಡ್ಡ ಮರ ಅಷ್ಟು ದಿನ ಯಾರ ಗಣನೆಗೂ ಬಾರದೆ ನಿಂತಿತ್ತು. ಬೀಜ ಮಾರಿದ ಹಣ ಅಲ್ಲಿನ ಊರಿನವರಿಗೆ ಸೇರುವಂತೆ ಏರ್ಪಾಡಾಯಿತು. ಹೀಗಾಗಿ ಕಾವಲಿಗೆ ಊರೇ ನಿಂತಿದೆ.

ಹೊರಗಿನ ರೂಪ ಒಂದೇ, ಒಳಗಿನ ನಂಟು ಬೇರೆ. ಈ ಬಳಗದಲ್ಲಿ ಇದು ಮತ್ತೆ ಮತ್ತೆ ಎದುರಾಗುತ್ತದೆ. ಅದಕ್ಕೇ ಮರ ನೋಡಿದಾಕ್ಷಣ ಹೆಸರು ಹೇಳುವವರನ್ನು ನಾನು ಈಗ ಅಷ್ಟಾಗಿ ಮೆಚ್ಚುವುದಿಲ್ಲ. ಬಳೆ, ಕಿವಿ, ಬಾಗು ಎಲ್ಲ ಕೂಡಿದ ಮೇಲೂ "ಹೂ ನೋಡುವವರೆಗೆ ಇದು ಬಹುಶಃ" ಎನ್ನುವವರು ನಿಜವಾದ ಬಲ್ಲವರು.

ಹೂವಿನ ಕಾಲ ಬಂದಾಗ ಶ್ರೀತಾಳೆಯ ಮುಂದೆ ನಿಂತವರಿಗೆ ಆ ಅನುಮಾನ ಉಳಿಯುವುದಿಲ್ಲ. ಮೂವತ್ತರಿಂದ ಎಂಬತ್ತು ವರ್ಷಗಳವರೆಗೆ ಕಾಂಡದ ತಿರುಳಿನಲ್ಲಿ ಕೂಡಿಟ್ಟ ಪಿಷ್ಟವನ್ನೆಲ್ಲ ಮರ ಒಮ್ಮೆಗೇ ಖರ್ಚುಮಾಡುತ್ತದೆ. ಬರಗಾಲದಲ್ಲಿ ನಮ್ಮ ಕರಾವಳಿಯ ಜನ ಕಡಿದು, ಕುಟ್ಟಿ, ತೊಳೆದು ತಿಂದು ಜೀವ ಉಳಿಸಿಕೊಂಡದ್ದು ಆ ಪಿಷ್ಟದಿಂದಲೇ. ನೆತ್ತಿಯಲ್ಲಿ ಆರರಿಂದ ಎಂಟು ಮೀಟರಿನ ಕೆನೆಬಣ್ಣದ ಗೋಪುರ ಏಳುತ್ತದೆ. ಸಸ್ಯಲೋಕದಲ್ಲಿ ಇಷ್ಟು ದೊಡ್ಡ ಹೂಗೊಂಚಲು ಬೇರೆ ಇಲ್ಲ. ಅದರಲ್ಲಿ ಲಕ್ಷೋಪಲಕ್ಷ ಹೂ. ಒಂದೊಂದು ಹೂವಿನಲ್ಲೂ ಗಂಡು ಹೆಣ್ಣು ಎರಡೂ ಭಾಗ. ತಾಳೆಯಲ್ಲಿ ಗಂಡು ಮರವೇ ಬೇರೆ, ಹೆಣ್ಣು ಮರವೇ ಬೇರೆ. ಆ ಬಳಿಕ ಗೋಲಿಯಂಥ ಸಾವಿರಾರು ಕಾಯಿ, ಒಂದು ಕಾಯಲ್ಲಿ ಒಂದೇ ಬೀಜ. ತಾಳೆಯ ಕಾಯಿ ಬೊಗಸೆ ತುಂಬುವಷ್ಟು, ಒಳಗೆ ಮೂರು ಬೀಜ. ಶ್ರೀತಾಳೆಯ ಬೀಜ ದಂತದಷ್ಟು ಗಟ್ಟಿ. 'ಬಜರಬಟ್ಟು' ಎಂದು ಮಣಿ, ಗುಂಡಿ ಮಾಡಲು ಅದು ಬಳಕೆಯಾಗುತ್ತಿತ್ತು. ಹೂ ಬಿಟ್ಟು ಕಾಯಿ ಮಾಗಲು ಒಂದು ವರ್ಷ ಹಿಡಿಯುತ್ತದೆ. ಆ ವರ್ಷದಲ್ಲಿ ಗರಿಗಳು ಒಂದೊಂದಾಗಿ ಹಳದಿಯಾಗಿ ಜೋಲುತ್ತವೆ. ಊರಿನವರಿಗೆ ಭಯ ಹುಟ್ಟಿಸುವುದು ಈ ಜೋಲುವಿಕೆ. ಮರ ಕಾಯಿಗೆ ಊಟ ಹಾಕಿ ತಾನು ಉಪವಾಸ ಬಿದ್ದಿರುತ್ತದೆ, ಅಷ್ಟೇ.

ಕುಮಟಾ, ಅಂಕೋಲಾ, ಹೊನ್ನಾವರದ ಘಟ್ಟದ ಬುಡದಲ್ಲಿ, ಯಾಣದ ದಾರಿಯ ಸುತ್ತ ಇವು ಇನ್ನೂ ಇವೆ. ದಕ್ಷಿಣ ಕನ್ನಡ, ಉಡುಪಿಯ ಹಳೆಯ ಮನೆಗಳ ಹಿತ್ತಿಲಲ್ಲಿ ಅಲ್ಲೊಂದು ಇಲ್ಲೊಂದು. ಇದರ ಗರಿಯಿಂದ ಮಾಡುತ್ತಿದ್ದ ಮಳೆಯ ಗೊರಬು, ಓಲೆಕೊಡೆ ಹೋದ ಮೇಲೆ ಈ ಮರವನ್ನು ಬೇಕೆಂದು ನೆಡುವವರು ಇಲ್ಲವಾದರು. ನೀವು ಎಲ್ಲಾದರೂ ಕಂಡರೆ ನನ್ನ ಹಾಗೆ ಜಗುಲಿಯಿಂದ ನೋಡಬೇಡಿ. ಮೊಬೈಲ್ ಎಲ್ಲರ ಕೈಯಲ್ಲಿದೆ. ದೂರದಿಂದ ಇಡೀ ಮರದ್ದು ಒಂದು ಚಿತ್ರ, ಪಕ್ಕದಲ್ಲಿ ಒಬ್ಬರು ನಿಂತಿರಲಿ, ಅಳತೆ ತಿಳಿಯುತ್ತದೆ. ಆಮೇಲೆ ಕಾಂಡದ ಬಳೆಗಳದ್ದು, ದಂಟಿನ ಅಂಚಿನದ್ದು, ದಂಟಿನ ಬುಡದ ಕಿವಿಯದ್ದು, ಬಿದ್ದ ಗರಿಯನ್ನು ಮಗುಚಿ ನಡುನರದ್ದು. ಹೂವಿದ್ದರೆ ಒಂದು ಕವಲನ್ನು ಹತ್ತಿರದಿಂದ. ರೀಡೆಯ ಚಿತ್ರಕಾರರು ಹನ್ನೆರಡು ಫಲಕ ಬರೆದರು, ನಿಮಗೆ ಹತ್ತು ನಿಮಿಷದ ಕೆಲಸ. ಹೂ ಎದ್ದಿದ್ದರೆ ಮನೆಯವರಿಗೆ ಹೆಸರು ಹೇಳಿ, ಕಾಯಿ ಉದುರುವವರೆಗೆ ಒಂದು ವರ್ಷ ಕಾಯಲು ಕೇಳಿಕೊಳ್ಳಿ. ಆಮೇಲೆ ಕಡಿಯಲಿ, ಯಾರೂ ಬೇಡ ಎನ್ನುವುದಿಲ್ಲ. ದಾರಿಯ ಮೇಲೆ ಬೀಳುವಂತಿದ್ದರೆ ಕಡಿಯಲೇ ಬೇಕು.

ಈ ಸಭಾಂಗಣದ ಬಾಗಿಲ ಬಳಿ ಮೇಜಿನ ಮೇಲೆ ಇಪ್ಪತ್ತು ಸಸಿ ತಂದಿಟ್ಟಿದ್ದೇನೆ. ಕುಮಟಾ ಕಡೆಯ ಒಂದು ಮನೆಯವರು ಹೂ ಬಿಟ್ಟ ಮರವನ್ನು ಕಡಿಯದೆ ಕಾದರು. ಅವರ ಅಂಗಳದಲ್ಲಿ ಆರಿಸಿದ ಬೀಜದವು. ಹೋಗುವಾಗ ನೋಡಿ. ಒಂದೊಂದಕ್ಕೂ ಸೀಳಿಲ್ಲದ, ಈಟಿಯಂಥ ಎಲೆ ಮಾತ್ರ ಇದೆ. ಬೀಸಣಿಗೆ ಇಲ್ಲ, ಕಿವಿ ಇಲ್ಲ, ಬಳೆ ಇಲ್ಲ. ಈ ಎಲೆ ನೋಡಿ ಇದು ಶ್ರೀತಾಳೆ ಎಂದು ಹೇಳಲು ನನಗೂ ಆಗುವುದಿಲ್ಲ, ತಾಯಿಮರ ಕಂಡವರಿಗೆ ಮಾತ್ರ ಗೊತ್ತು. ಅದಕ್ಕೇ ಪ್ರತಿ ಚೀಲಕ್ಕೂ ಒಂದು ಚೀಟಿ ಕಟ್ಟಿದ್ದೇನೆ. ಮರದ ಹೆಸರು, ತಾಯಿಮರದ ಊರು, ಬೀಜ ಬಿದ್ದ ತಿಂಗಳು ಅದರಲ್ಲಿದೆ. ಹತ್ತು ಮೀಟರ್ ಬಯಲು ಇರುವವರು ಒಯ್ದು ನೆಡಿ. ಚೀಟಿಯನ್ನು ಕಳೆಯಬೇಡಿ. ಹೂ ಬರುವ ಹೊತ್ತಿಗೆ ಆ ಅಂಗಳದಲ್ಲಿ ನೀವೂ ನಾನೂ ಇರುವುದಿಲ್ಲ, ಇರುವವರಿಗೆ ಆ ಹೆಸರು ಬೇಕಾಗುತ್ತದೆ.